ನಾನು ಹೇಳದೆ ಬಿಟ್ಟ ಮಾತ್ರೆ



ನನ್ನ ಶ್ರೀಮತಿಗೆ ಬಾಲ್ಯದಲ್ಲಿ ಬಂದ ಸಂಧಿವಾತದ ಜ್ವರ ಹೃದಯದ ಕವಾಟವೊಂದನ್ನು ಕೆಡಿಸಿತ್ತು. 2008ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕೃತಕ ಕವಾಟ ಜೋಡಿಸಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಅಂದಿನಿಂದ ಪ್ರತಿ ಸಂಜೆ ಒಂದು ವಾರ್ಫರಿನ್ ಮಾತ್ರೆ. ದೇವರಿಗೆ ದೀಪ ಹಚ್ಚಿದಷ್ಟೇ ಅದು ನಮಗೆ ರೂಢಿಯಾಗಿತ್ತು. ಅದೊಂದು ಔಷಧವೆಂಬುದೇ ನನಗೆ ಮರೆತುಹೋಗಿತ್ತೆಂದರೂ ಸರಿಯೇ.

2019ರ ಮಳೆಗಾಲದಲ್ಲಿ ಆಕೆಯ ದವಡೆ ಊದಿಕೊಂಡಿತು. ದಂತವೈದ್ಯರು, "ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಮೇಷ್ಟ್ರೇ?" ಎಂದು ಕೇಳಿದರು. ಬಾಯಿಯಲ್ಲಿ ಹತ್ತಿ ಇಟ್ಟುಕೊಂಡಿದ್ದ ಆಕೆ ಕೈಯಿಂದ ಏನೋ ಸನ್ನೆ ಮಾಡಿದಳು. ತರಗತಿಯಲ್ಲಿ ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ತಾನೇ ಹೇಳಿ ಅಭ್ಯಾಸವಾದವನು ನಾನು, "ಬಿ.ಪಿ. ಮಾತ್ರೆ ಬಿಟ್ಟರೆ ಏನೂ ಇಲ್ಲ ಡಾಕ್ಟ್ರೇ" ಎಂದುಬಿಟ್ಟೆ. ಐದು ದಿನಕ್ಕೆ ಮೆಟ್ರೊನಿಡಜೋಲ್ ಬರೆದುಕೊಟ್ಟರು.

ಐದನೆಯ ದಿನ ಬೆಳಿಗ್ಗೆ ವಸಡಿನಿಂದ ಒಸರಿದ ರಕ್ತ ನಿಲ್ಲಲೇ ಇಲ್ಲ. "ರೀ, ಇಲ್ನೋಡಿ" ಎಂದು ತೋಳು ತೋರಿಸಿದಳು. ಎಲ್ಲಿಯೂ ಪೆಟ್ಟಾಗದಿದ್ದರೂ ಅಂಗೈಯಗಲ ಕಂದುಗಟ್ಟಿತ್ತು. ಆಸ್ಪತ್ರೆಗೆ ಧಾವಿಸಿದೆವು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆಯೆಂದು ತಿಳಿಸುವ ಐ.ಎನ್.ಆರ್. ಆಕೆಗೆ 2.5ರಿಂದ 3.5ರೊಳಗಿರಬೇಕು, ಅಂದು 7.8 ಇತ್ತು.

ಹೃದ್ರೋಗ ತಜ್ಞರು ಸಮಾಧಾನದಿಂದಲೇ ವಿವರಿಸಿದರು. ವಾರ್ಫರಿನ್ನನ್ನು ಯಕೃತ್ತಿನ ಕಿಣ್ವವೊಂದು ಒಡೆದು ವಿಲೇವಾರಿ ಮಾಡುತ್ತದೆ. ಮೆಟ್ರೊನಿಡಜೋಲ್ ಆ ಕಿಣ್ವದ ಕೆಲಸಕ್ಕೆ ತಡೆಯೊಡ್ಡುತ್ತದೆ. ಮಾತ್ರೆಯೂ ಅದೇ, ಪ್ರಮಾಣವೂ ಅದೇ; ಆದರೆ ರಕ್ತದಲ್ಲಿ ಅದು ದಿನೇದಿನೇ ಶೇಖರವಾಗುತ್ತ ಹೋಗುತ್ತದೆ. ಕೋ-ಟ್ರೈಮಾಕ್ಸಜೋಲ್‌ನದೂ ಇದೇ ಕಥೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ವಾರ್ಫರಿನ್ನಿನ ಬಲವನ್ನೇ ಕುಗ್ಗಿಸುತ್ತದೆ. ಯಕೃತ್ತಿನ ಪಾಠವನ್ನು ಮೂವತ್ತೆರಡು ವರ್ಷ ಬೋಧಿಸಿದ ನಾನು ತಲೆತಗ್ಗಿಸಿ ಕೇಳಿದೆ. 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧವಾಯಿತೆಂದು ನಿಮಗೆಲ್ಲ ರಂಜನೀಯವಾಗಿ ಹೇಳುತ್ತಿದ್ದವನೂ ನಾನೇ!

ವಾರ್ಫರಿನ್ ನಿಲ್ಲಿಸಿ, ವಿಟಮಿನ್ ಕೆ ಅನ್ನು ಅಳೆದು ತೂಗಿ ಅಲ್ಪವಾಗಿ ಕೊಟ್ಟರು. ಹೆಚ್ಚು ಕೊಟ್ಟರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಕಡಿಮೆಯಾದರೆ ಮಿದುಳಿನಲ್ಲಿ ರಕ್ತಸ್ರಾವದ ಭಯ. ಮೂರು ರಾತ್ರಿ ಆಕೆಯ ಹಾಸಿಗೆಯ ಬಳಿ ಎಚ್ಚರವಾಗಿ ಕುಳಿತಿದ್ದೆ. ಆಕೆ ಆಕ್ಷೇಪಿಸಲಿಲ್ಲ. ಮನೆಗೆ ಹೊರಟ ದಿನ ಮಾತ್ರ, "ನಾನು ಆಗಲೇ ಕೈ ಆಡಿಸಿದ್ದೆ" ಎಂದಳು.

ಈಗ ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಆಕೆಯ ಪರ್ಸಿನಲ್ಲಿರುತ್ತದೆ. ಯಾರಾದರೂ ಆಂಟಿಬಯೋಟಿಕ್ ಬರೆದರೆ, "ಐ.ಎನ್.ಆರ್. ಯಾವಾಗ ನೋಡಿಸಲಿ ಡಾಕ್ಟ್ರೇ?" ಎಂದು ಆಕೆಯೇ ಕೇಳುತ್ತಾಳೆ. ನಾನು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತೇನೆ.