ಒಂದು ಮಿದುಳು ಹೋದ ದಾರಿ

ಫ್ರಾಂಕ್‌ಫರ್ಟ್‌ನ ಗೋಯ್ಥೆ ವಿಶ್ವವಿದ್ಯಾಲಯದಲ್ಲಿ ಬಾಗಿಲಿಲ್ಲದ ಲಿಫ್ಟ್ ಇದೆ. ಅದು ಯಾವ ಮಹಡಿಯಲ್ಲೂ ನಿಲ್ಲುವುದಿಲ್ಲ. ಪೆಟ್ಟಿಗೆಗಳು ಒಂದರ ಹಿಂದೊಂದು ಮೇಲೇರುತ್ತಲೇ ಇರುತ್ತವೆ, ಪಕ್ಕದ ಕಂಡಿಯಲ್ಲಿ ಇಳಿಯುತ್ತಲೇ ಇರುತ್ತವೆ. ಹತ್ತುವವರು ಹದ ನೋಡಿ ಕಾಲಿಡಬೇಕು. ನಾನು ಸೀರೆಯ ನೆರಿಗೆ ಹಿಡಿದುಕೊಂಡು ಎರಡು ಪೆಟ್ಟಿಗೆಗಳನ್ನು ಸುಮ್ಮನೆ ಹೋಗಗೊಟ್ಟೆ. ‘ದೊಡ್ಡಮ್ಮ, ಈಗ!’ ಎಂದು ತಂಗಿಯ ಮಗಳು ಕೂಗಿದಾಗ ಮೂರನೆಯದಕ್ಕೆ ಹತ್ತಿಕೊಂಡೆ. ಸುತ್ತಲಿದ್ದ ಹುಡುಗರು ಚಪ್ಪಾಳೆ ತಟ್ಟಿದರು.

ಹಾನ್ಸ್ ಪೋಲ್ಜಿಗ್ ಎಂಬ ವಾಸ್ತುಶಿಲ್ಪಿ 1928ರಿಂದ 1930ರವರೆಗೆ ಕಟ್ಟಿದ ಭಾರಿ ಕಟ್ಟಡ ಇದು. ಮೊದಲು ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಯ ಕಚೇರಿ, ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ಠಾಣೆ, 2001ರಿಂದ ವಿಶ್ವವಿದ್ಯಾಲಯ. ಆದರೆ ನಾನು ನೋಡಲು ಬಂದದ್ದು ಇದಕ್ಕೂ ಹಿಂದೆ ಈ ದಿಬ್ಬದ ಮೇಲಿದ್ದ, ಈಗ ಒಂದು ಇಟ್ಟಿಗೆಯೂ ಕಾಣದ ಇನ್ನೊಂದು ಕಟ್ಟಡವನ್ನು. ಅದು ಊರಿನ ಮಾನಸಿಕ ಆಸ್ಪತ್ರೆ. ಗೋಪುರಗಳಿದ್ದ ಆ ಭವ್ಯ ಕಟ್ಟಡವನ್ನು ಜನ ‘ಹುಚ್ಚರ ಅರಮನೆ’ ಎನ್ನುತ್ತಿದ್ದರಂತೆ. ಅದನ್ನು ಕಟ್ಟಿಸಿದ ವೈದ್ಯ ಹೈನ್ರಿಶ್ ಹಾಫ್‌ಮನ್, ಜರ್ಮನಿಯ ಮಕ್ಕಳೆಲ್ಲ ಬಲ್ಲ ‘ಸ್ಟ್ರುವೆಲ್‌ಪೇಟರ್’ ಎಂಬ ಚಿತ್ರಪುಸ್ತಕವನ್ನು ಬರೆದವರೂ ಹೌದು.

‘ಬಂದೋರೆಲ್ಲ ರೈನ್ ನದೀಲಿ ದೋಣಿ ಹತ್ತುತಾರೆ, ಕೋಟೆ ನೋಡ್ತಾರೆ. ನೀವು ನೋಡಿದ್ರೆ ಸತ್ತೋರ ಮಿದುಳಿನ ಜಾಡು ಹಿಡಿದು ಹೊರಟಿದ್ದೀರಲ್ಲ ದೊಡ್ಡಮ್ಮ’ ಎಂದು ಹುಡುಗಿ ನಕ್ಕಳು. ಏನು ಮಾಡಲಿ, ಪೆಥಾಲಜಿ ಲ್ಯಾಬಿನಲ್ಲಿ ಅಂಗಾಂಶ ಕತ್ತರಿಸಿ, ಬಣ್ಣ ಹಾಕಿ, ಸ್ಲೈಡ್ ಮಾಡಿ ನಿವೃತ್ತಳಾದವಳು ನಾನು. ಕೆಲವರಿಗೆ ಕಾಶಿ, ನನಗೆ ಇದು.

ಆಗುಸ್ಟೆ ಡೆಟರ್ ಎಂಬ ಹೆಂಗಸನ್ನು ಈ ದಿಬ್ಬಕ್ಕೆ ಕರೆತಂದದ್ದು 1901ರ ನವೆಂಬರ್ 25ರಂದು. ಗಂಡ ಕಾರ್ಲ್ ರೈಲ್ವೆ ಕಚೇರಿಯ ಗುಮಾಸ್ತ. ಮೊದಲು ಶುರುವಾದದ್ದು ಗಂಡನ ಮೇಲೆ ವಿನಾಕಾರಣ ಅನುಮಾನ. ಆಮೇಲೆ ಅಡುಗೆ ಕೆಡತೊಡಗಿತು, ಇಟ್ಟ ವಸ್ತು ಎಲ್ಲೆಂದು ತಿಳಿಯದಾಯಿತು, ತನ್ನ ಮನೆಯಲ್ಲೇ ದಾರಿ ತಪ್ಪಿತು. ವಯಸ್ಸು ಬರೀ 51. ನಮ್ಮಲ್ಲಿ ಅರಳುಮರಳಿಗೆ ಅರವತ್ತರ ಗಡಿ ಹಾಕಿದ್ದಾರೆ; ಅಲ್ಲಿಯ ವೈದ್ಯರ ಲೆಕ್ಕವೂ ಹೆಚ್ಚುಕಡಿಮೆ ಅದೇ ಆಗಿತ್ತು. ಹಾಗಾಗಿಯೇ ಆಲೋಯಿಸ್ ಆಲ್‌ಝೈಮರ್ ಎಂಬ ವೈದ್ಯರು ಕುರ್ಚಿ ಎಳೆದುಕೊಂಡು ಆಕೆಯ ಮುಂದೆ ಕೂತರು. ಹೆಸರೇನು ಎಂದರೆ ಆಗುಸ್ಟೆ ಎಂದಳು. ಮನೆತನದ ಹೆಸರು? ಅದಕ್ಕೂ ಆಗುಸ್ಟೆ. ಗಂಡನ ಹೆಸರು? ಅದೂ ಆಗುಸ್ಟೆಯೇ ಇರಬೇಕು ಎಂದಳು. ಊಟಕ್ಕೆ ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದವಳು ತಾನು ತಿನ್ನುತ್ತಿರುವುದು ಪಾಲಕ್ ಎಂದಳು. ವೈದ್ಯರು ಪ್ರಶ್ನೆಯನ್ನೂ ಬರೆದುಕೊಂಡರು, ಉತ್ತರವನ್ನೂ ಬರೆದುಕೊಂಡರು. ಅದೇ ವರ್ಷದ ಆರಂಭದಲ್ಲಿ ಅವರು ತಮ್ಮ ಹೆಂಡತಿಯನ್ನು ಕಳೆದುಕೊಂಡಿದ್ದರು. ಮನೆಯಲ್ಲಿ ಮೂರು ಪುಟ್ಟ ಮಕ್ಕಳು.

ನನ್ನ ಪಾಲಿಗೆ ಈ ಕಥೆಯ ಕೀಲಿ ಇರುವುದು ಇಲ್ಲಿ, ಸೂಕ್ಷ್ಮದರ್ಶಕದಲ್ಲಿ ಅಲ್ಲ. ನಮ್ಮ ಲ್ಯಾಬಿಗೆ ಬರುತ್ತಿದ್ದ ಬಾಟಲಿಗಳ ಜೊತೆ ಒಂದು ಚೀಟಿ ಇರುತ್ತಿತ್ತು: ಹೆಸರು, ವಯಸ್ಸು, ಗಂಡೋ ಹೆಣ್ಣೋ, ಒಂದು ಸಾಲು ರೋಗಲಕ್ಷಣ. ಎಷ್ಟೋ ಸಲ ಆ ಒಂದು ಸಾಲೂ ಇರುತ್ತಿರಲಿಲ್ಲ. ಬಾಟಲಿಯಲ್ಲಿದ್ದ ತುಣುಕು ಬದುಕಿದ್ದಾಗ ಏನು ಮಾತಾಡಿತ್ತು ಎಂದು ನಮಗೆ ಯಾರೂ ಹೇಳುತ್ತಿರಲಿಲ್ಲ. ಇಲ್ಲಿ ಒಬ್ಬರು ಆ ಮಾತನ್ನೂ ಕೇಳಿಸಿಕೊಂಡು, ಐದು ವರ್ಷದ ಮೇಲೆ ಅದೇ ಮಿದುಳನ್ನು ಲೆನ್ಸಿನ ಕೆಳಗೂ ನೋಡಿದರು.

ಮಧ್ಯಾಹ್ನ ಮೈನ್ ನದಿ ದಾಟಿ ನೀಡರ್‌ರಾಡ್‌ಗೆ ಹೋದೆವು. ಈಗ ಮನೋರೋಗ ವಿಭಾಗವೂ ನರವಿಜ್ಞಾನ ಸಂಸ್ಥೆಯೂ ಇರುವುದು ಅಲ್ಲಿ. ಬೀದಿಗೆ ಹಾಫ್‌ಮನ್ ಅವರದೇ ಹೆಸರು. ಈ ಊರಿಗೆ ಮಿದುಳಿನ ಹುಚ್ಚು ಹಳೆಯದು. ಲುಡ್ವಿಗ್ ಎಡಿಂಗರ್ ಎಂಬವರು ಇಲ್ಲಿ ನರವಿಜ್ಞಾನ ಸಂಸ್ಥೆ ಕಟ್ಟಿದರು. 1918ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಅವರದೇ ಮಿದುಳನ್ನೂ ಅಲ್ಲಿಯೇ ಪರೀಕ್ಷಿಸಿದರು. ಫರ್ಡಿನಂಡ್ ಬ್ಲೂಮ್ ಎಂಬ ಇನ್ನೊಬ್ಬರು 1893ರಲ್ಲಿ ಇದೇ ಊರಿನಲ್ಲಿ ಫಾರ್ಮಾಲಿನ್ ಕ್ರಿಮಿನಾಶಕವಾಗಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುತ್ತಿದ್ದಾಗ ತಮ್ಮ ಬೆರಳ ತುದಿ ಗಟ್ಟಿಯಾದದ್ದನ್ನು ಗಮನಿಸಿದರು. ಬೆರಳನ್ನು ಗಟ್ಟಿ ಮಾಡುವುದು ಅಂಗಾಂಶವನ್ನೂ ಮಾಡಬೇಕಲ್ಲವೇ? ಇಂದು ಜಗತ್ತಿನ ಯಾವ ಪೆಥಾಲಜಿ ಲ್ಯಾಬಿಗೆ ಕಾಲಿಟ್ಟರೂ ಮೊದಲು ಮೂಗಿಗೆ ಹೊಡೆಯುವ ಘಾಟು ಆ ಬೆರಳುಗಳಿಂದ ಬಂದದ್ದು. ಅರ್ಧ ಜೀವಮಾನ ಅದನ್ನು ಕುಡಿದ ನನಗೆ ಆ ಬೀದಿಯಲ್ಲಿ ನಿಂತು ಬ್ಲೂಮ್ ಅವರಿಗೆ ಕೈಮುಗಿಯಬೇಕೋ ಬೈಯಬೇಕೋ ತಿಳಿಯಲಿಲ್ಲ.

ಫಾರ್ಮಾಲಿನ್ ಇಲ್ಲದೆ ಈ ವಿದ್ಯೆಯೇ ಇಲ್ಲ. ತಲೆಬುರುಡೆಯಿಂದ ಆಗಷ್ಟೇ ತೆಗೆದ ಮಿದುಳು ಸರಿಯಾಗಿ ಹೆಪ್ಪಾಗದ ಗಿಣ್ಣಿನಂತೆ. ಎತ್ತಿದರೆ ತನ್ನ ಭಾರಕ್ಕೆ ತಾನೇ ಸೀಳುತ್ತದೆ. ದ್ರಾವಣದಲ್ಲಿ ವಾರಗಟ್ಟಲೆ ತೂಗುಬಿಟ್ಟ ಮೇಲೆ ಚಾಕುವಿಗೆ ನಿಲ್ಲುತ್ತದೆ. ಆಮೇಲೆ ಬೇಕಾದ ಭಾಗಗಳನ್ನು ಆಯ್ದು, ನೀರು ತೆಗೆದು, ಮೇಣ ಕುಡಿಸಿ, ಮೈಕ್ರೋಟೋಮ್‌ನಲ್ಲಿ ಹೆರೆಯಬೇಕು. ಒಂದು ಮಿಲಿಮೀಟರನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ತೆಳು. ಬೆಚ್ಚಗಿನ ನೀರಿನ ಮೇಲೆ ತೇಲುವ ಆ ಪದರವನ್ನು ಗಾಜಿನ ಮೇಲೆ ಎತ್ತಿಕೊಳ್ಳುವಾಗ ಉಸಿರು ಬಿಟ್ಟರೂ ಸುಕ್ಕು.

ಇದೇ ಊರಿನಲ್ಲಿ ಹೈಕೋ ಬ್ರಾಕ್, ಇವಾ ಬ್ರಾಕ್ ದಂಪತಿ ಈ ಪದ್ಧತಿಯನ್ನು ತಿರುವುಮುರುವು ಮಾಡಿದರು. ನಾವು ಬಳಸುವುದಕ್ಕಿಂತ ಇಪ್ಪತ್ತು ಪಟ್ಟು ದಪ್ಪದ ಹೋಳುಗಳಿಗೆ ಬೆಳ್ಳಿಯ ಬಣ್ಣ ಹಿಡಿಸಿದರು. 1991ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿದ್ದದ್ದು 83 ಮಿದುಳುಗಳು: ಮರೆವು ಇದ್ದವರದೂ ಇಲ್ಲದವರದೂ. ಆಗುಸ್ಟೆಗಿದ್ದಂಥ ಮರೆವಿನ ರೋಗದಲ್ಲಿ ನರಕೋಶದೊಳಗೆ ಎಳೆಗಳು ಕಟ್ಟುವ ಸಿಕ್ಕುಗಳು ಮಿದುಳಿನಲ್ಲಿ ಎಲ್ಲೆಂದರಲ್ಲಿ ಮೂಡುವುದಿಲ್ಲ, ಕಿವಿಯ ಬದಿಯ ಒಳಮಡಿಕೆಯಲ್ಲಿ, ನೆನಪಿನ ಹೊಸ್ತಿಲಿನಂಥ ಒಂದು ಸಣ್ಣ ಜಾಗದಲ್ಲಿ ಶುರುವಾಗಿ ಆರು ಹಂತಗಳಲ್ಲಿ ಹರಡುತ್ತವೆ ಎಂದು ತೋರಿಸಿದರು. ಮೊದಲ ಹಂತಗಳಲ್ಲಿರುವ ಮನುಷ್ಯ ಲೆಕ್ಕಪತ್ರ ನೋಡುತ್ತ, ಮೊಮ್ಮಕ್ಕಳಿಗೆ ಕಥೆ ಹೇಳುತ್ತ ಓಡಾಡಿಕೊಂಡಿರುತ್ತಾನೆ. ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕಾಫಿ ಕುಡಿಯೋಣ’ ಎಂದಳು.

ಮರುದಿನದ ರೈಲು ವ್ಯೂರ್ಟ್ಸ್‌ಬುರ್ಗ್ ಕಡೆಗೆ. ಅಲ್ಲಿ ಸಣ್ಣ ಗಾಡಿಗೆ ಬದಲಾಯಿಸಿದರೆ ದ್ರಾಕ್ಷಿ ತೋಟಗಳ ನಡುವೆ ಮಾರ್ಕ್ಟ್‌ಬ್ರೈಟ್. ಮೈನ್ ನದಿಯ ದಂಡೆಯಲ್ಲಿ 18ನೇ ಶತಮಾನದ ಕಲ್ಲಿನ ಕ್ರೇನು, ಊರಬಾಗಿಲು, ಮರದ ಚೌಕಟ್ಟಿನ ಮನೆಗಳು. ಆಲ್‌ಝೈಮರ್ 1864ರಲ್ಲಿ ಹುಟ್ಟಿದ ಮನೆ ಈಗ ಸ್ಮಾರಕ. 1995ರಲ್ಲಿ ಒಂದು ಔಷಧ ಕಂಪನಿ ಅದನ್ನು ಕೊಂಡು ಕಾಪಾಡಿತು. ಔಷಧ ಕಂಪನಿಗೆ ಆ ಹೆಸರಿನ ಮೇಲೆ ಯಾಕೆ ಪ್ರೀತಿ ಎಂದು ಬಿಡಿಸಿ ಹೇಳಬೇಕಿಲ್ಲ, ಆದರೂ ಮನೆ ಚೊಕ್ಕಟವಾಗಿದೆ. ಆಗುಸ್ಟೆಯ ಆ ಹೆಸರಾಂತ ಫೋಟೋವನ್ನು ಆ ದಿನ ಬಹಳ ಹೊತ್ತು ನೋಡಿದೆ: ಮೊಣಕಾಲ ಮೇಲೆ ಹೆಣೆದ ಕೈಗಳು, ಬಿಚ್ಚಿದ ಕೂದಲು, ಹಣೆಯಲ್ಲಿ ಗೆರೆ. ಎಪ್ಪತ್ತೆಂದರೂ ನಂಬಬಹುದು. ಅಂದಹಾಗೆ, ಆಕೆ ಆಸ್ಪತ್ರೆ ಸೇರಿದ ಅದೇ 51ನೇ ವಯಸ್ಸಿನಲ್ಲಿ, 1915ರಲ್ಲಿ, ಆಲ್‌ಝೈಮರ್ ತೀರಿಕೊಂಡರು.

ಆಗುಸ್ಟೆ ಸತ್ತದ್ದು 1906ರ ಏಪ್ರಿಲ್ 8ರಂದು, ಹಾಸಿಗೆ ಹುಣ್ಣಿನ ನಂಜು ಏರಿ. ಅಷ್ಟರಲ್ಲಿ ಆಲ್‌ಝೈಮರ್ ಮ್ಯೂನಿಕ್ ಸೇರಿದ್ದರು, ಆದರೆ ಆಕೆಯ ಬಗ್ಗೆ ವಿಚಾರಿಸುವುದನ್ನು ಬಿಟ್ಟಿರಲಿಲ್ಲ. ಕಡತವೂ ಮಿದುಳೂ ಅವರಿಗೆ ಹೋದವು. ನಾವೂ ಮ್ಯೂನಿಕ್ ರೈಲು ಹತ್ತಿದೆವು.

ನುಸ್‌ಬೌಮ್ ಬೀದಿಯ ಮನೋರೋಗ ಚಿಕಿತ್ಸಾಲಯ ಈಗಲೂ ರೋಗಿಗಳಿಂದ ತುಂಬಿದೆ. ಪ್ರವಾಸಿಗಳು ಗುಂಪುಕಟ್ಟಿ ನಿಲ್ಲುವ ಜಾಗವಲ್ಲ. ಎಮಿಲ್ ಕ್ರೇಪೆಲಿನ್ ಅವರ ಈ ಆಸ್ಪತ್ರೆಯಲ್ಲಿ ಆಲ್‌ಝೈಮರ್ ಮೊದಲು ಸಂಬಳವಿಲ್ಲದೆ ದುಡಿದರು. ಅವರ ಲ್ಯಾಬಿನಲ್ಲಿ ಕೂತಿದ್ದ ಹುಡುಗರ ಹೆಸರು ಕೇಳಿದರೆ ಯಾವ ಪೆಥಾಲಜಿಯವರಿಗಾದರೂ ರೋಮಾಂಚನ: ಕ್ರಾಯ್ಟ್ಸ್‌ಫೆಲ್ಟ್, ಯಾಕೋಬ್, ಲೆವಿ. ಒಬ್ಬೊಬ್ಬರ ಹೆಸರೂ ಆಮೇಲೆ ಒಂದೊಂದು ರೋಗಕ್ಕೋ, ಕೋಶದೊಳಗಿನ ಒಂದು ಚುಕ್ಕೆಗೋ ಅಂಟಿಕೊಂಡಿತು. ಮೇಷ್ಟ್ರು ಒಂದು ಮೈಕ್ರೋಸ್ಕೋಪಿನಿಂದ ಇನ್ನೊಂದಕ್ಕೆ ಹೋಗಿ ವಿವರಿಸುತ್ತ, ಸಂಜೆಗೆ ಪ್ರತಿ ಮೇಜಿನ ಮೇಲೂ ಒಂದು ಚುಟ್ಟಾದ ತುಂಡು ಮರೆತು ಹೋಗಿರುತ್ತಿದ್ದರಂತೆ.

ಅವರು ಬಳಸಿದ್ದು ಬೀಲ್‌ಶೋವ್‌ಸ್ಕಿಯ ಬೆಳ್ಳಿ ಬಣ್ಣ, ಆಗ ಹೊಸದು. ಅದರ ಹಟ ನನಗೆ ಗೊತ್ತು. ಗಾಜೆಲ್ಲ ಆಸಿಡ್ಡಿನಲ್ಲಿ ತೊಳೆದಿರಬೇಕು, ಬೆಳಕು ಬೀಳಬಾರದು, ಅಷ್ಟಾದರೂ ಒಂದು ದಿನ ಇಡೀ ಸ್ಲೈಡು ಕಪ್ಪಾಗಿ ಕೂರುತ್ತದೆ. ಬೆರಳಿನ ಕಲೆ ಎಷ್ಟೋ ದಿನ ಹೋಗುವುದಿಲ್ಲ. ಒಲಿದರೆ ಮಾತ್ರ ಬೇರೆಯೇ ಲೋಕ. ತರಬೇತಿಗೆಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿದ್ದಾಗ ಅಂಥ ಒಂದು ಸ್ಲೈಡನ್ನು ಮೊದಲ ಸಲ ನೋಡಿದ್ದೆ. ಜೇನುಬಣ್ಣದ ಬಯಲು, ಅದರ ಮೇಲೆ ಕಪ್ಪು ಜ್ವಾಲೆಯಾಕಾರಗಳು. ಒಂದು ಕಾಲಕ್ಕೆ ಅಲ್ಲಿ ನರಕೋಶವಿತ್ತು. ಕೋಶ ಕರಗಿದೆ, ಅದರ ಕೇಂದ್ರ ಕರಗಿದೆ, ಒಳಗೆ ಸಿಕ್ಕಾಗಿದ್ದ ಎಳೆಗಳ ಕಟ್ಟು ಮಾತ್ರ ನಿಂತಿದೆ. ಆಗುಸ್ಟೆಯ ಮಿದುಳಿನ ಹೊರಪದರದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕೋಶಗಳು ಹೀಗಾಗಿವೆ ಎಂದು ಆಲ್‌ಝೈಮರ್ ಅಂದಾಜು ಮಾಡಿದರು. ನಡುನಡುವೆ ಪ್ಲಾಕ್ ಎಂಬ ಕಲೆಗಳು. ಅದೇ ಹೊತ್ತಿನಲ್ಲಿ ಪ್ರಾಗ್‌ನಲ್ಲಿ ಓಸ್ಕರ್ ಫಿಶರ್ ಎಂಬವರು ಆ ಕಲೆಗಳನ್ನು ಇನ್ನೂ ಹೆಚ್ಚು ರೋಗಿಗಳಲ್ಲಿ ನೋಡಿ 1907ರಲ್ಲೇ ಬರೆದಿದ್ದರು. ಕ್ರೇಪೆಲಿನ್ 1910ರಲ್ಲಿ ತಮ್ಮ ಪಠ್ಯದಲ್ಲಿ ರೋಗಕ್ಕೆ ಇಟ್ಟದ್ದು ತಮ್ಮವರಾದ ಆಲ್‌ಝೈಮರ್ ಹೆಸರು. ಯಹೂದಿಯಾಗಿದ್ದ ಫಿಶರ್ 1942ರಲ್ಲಿ ನಾಜಿಗಳ ಸೆರೆಯಲ್ಲಿ ಸತ್ತರು. ನನ್ನನ್ನು ಕೇಳಿದರೆ ಅವರಿಗೆ ಕೊಡಬೇಕಾದ ಜಾಗ ಇನ್ನೂ ಬಾಕಿಯಿದೆ.

ಬಾಕಿ ಅದೊಂದೇ ಅಲ್ಲ. ಮ್ಯೂನಿಕ್‌ನ ವಾಲ್ಡ್‌ಫ್ರೀಡ್‌ಹೋಫ್ ಎಂಬ ಮರಗಳ ದಟ್ಟ ಸ್ಮಶಾನಕ್ಕೂ ಹೋದೆವು. ಬೇಡವೆಂದರೂ ಹೋಗಲೇಬೇಕಿತ್ತು. ನಾಜಿ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಕೊಂದ ರೋಗಿಗಳ, ಮಕ್ಕಳ ಮಿದುಳುಗಳು ನೂರಾರು ಸಂಖ್ಯೆಯಲ್ಲಿ ಬರ್ಲಿನ್ನಿನ ಯೂಲಿಯುಸ್ ಹಾಲ್ಲರ್‌ಫೋರ್ಡೆನ್ ಅವರ ಪ್ರಯೋಗಾಲಯ ಸೇರಿದ್ದವು. ಯುದ್ಧದ ನಂತರವೂ ಆ ಮಿದುಳುಗಳ ಸ್ಲೈಡುಗಳು ಸಂಗ್ರಹದಲ್ಲಿ, ಕೊನೆಗೆ ಫ್ರಾಂಕ್‌ಫರ್ಟ್‌ನಲ್ಲಿ ಉಳಿದವು. ಮ್ಯಾಕ್ಸ್ ಪ್ಲಾಂಕ್ ಸೊಸೈಟಿ 1990ರಲ್ಲಿ ಇಂಥ ಅವಶೇಷಗಳನ್ನು ಇಲ್ಲಿ ಮಣ್ಣು ಮಾಡಿತು. ಅದೇ ಫಾರ್ಮಾಲಿನ್, ಅದೇ ಮೈಕ್ರೋಟೋಮ್, ಅದೇ ಬಣ್ಣ. ಸ್ಲೈಡ್ ನೋಡಿದರೆ ಯಾವ ವ್ಯತ್ಯಾಸವೂ ಕಾಣದು. ಲ್ಯಾಬಿನವಳಾಗಿ ನನ್ನನ್ನು ನಡುಗಿಸಿದ್ದು ಅದೇ. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಮತ್ತು ಸಂಗಡಿಗರು ಕಟ್ಟಿದ ಮಿದುಳು ಬ್ಯಾಂಕಿಗೆ ಬರುವ ಮಿದುಳಿನ ಹಿಂದೆ ದುಃಖದ ನಡುವೆಯೂ ಒಪ್ಪಿಗೆ ಕೊಟ್ಟ ಒಂದು ಮನೆಯವರು ಇರುತ್ತಾರೆ. ಅಲ್ಲಿನ ಸಂಗ್ರಹಾಲಯದಲ್ಲಿ ಶಾಲೆಯ ಮಕ್ಕಳೂ ಕೈಗವಸು ಹಾಕಿಕೊಂಡು ನಿಜವಾದ ಮಿದುಳನ್ನು ಅಂಗೈಯಲ್ಲಿ ಹಿಡಿಯುತ್ತಾರೆ.

ಆಗುಸ್ಟೆಯ ಕಡತವೂ ಸ್ಲೈಡುಗಳೂ ಎಲ್ಲಿವೆ ಎಂದು ದಶಕಗಳ ಕಾಲ ಯಾರಿಗೂ ತಿಳಿದಿರಲಿಲ್ಲ. 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟ್‌ನ ದಫ್ತರಿನಲ್ಲಿ ಕೊನ್ರಾಡ್ ಮೌರರ್ ಮತ್ತು ಜೊತೆಯವರಿಗೆ ನೀಲಿ ರಟ್ಟಿನ ಕಡತ ಸಿಕ್ಕಿತು, ಒಳಗೆ 32 ಹಾಳೆ. ಸ್ವಲ್ಪ ಕಾಲದಲ್ಲೇ ಮ್ಯೂನಿಕ್‌ನಲ್ಲಿ ಮಾನುವೆಲ್ ಗ್ರೇಬರ್ ತಂಡಕ್ಕೆ ಆಕೆಯ ಮಿದುಳಿನ 250ಕ್ಕೂ ಹೆಚ್ಚು ಸ್ಲೈಡುಗಳು ಸಿಕ್ಕವು. ಸಿಕ್ಕುಗಳೂ ಕಲೆಗಳೂ ಇದ್ದಲ್ಲೇ ಇದ್ದವು. ಆ ಪದರಗಳಿಂದ ವಂಶವಾಹಿಯನ್ನೂ ಹೊರತೆಗೆದರು. ಚಿಕ್ಕ ವಯಸ್ಸಿನಲ್ಲೇ ರೋಗ ತರುವ ಒಂದು ದೋಷ ಇದೆ ಎಂದು ಒಂದು ತಂಡ ಬರೆಯಿತು. 2014ರಲ್ಲಿ ಇನ್ನೊಂದು ತಂಡ ಹುಡುಕಿದಾಗ ಅದು ಸಿಗಲಿಲ್ಲ. ಶತಮಾನ ಕಳೆದರೂ ಆಕೆಯ ಮಿದುಳು ವೈದ್ಯರಲ್ಲಿ ಜಗಳ ಹಚ್ಚುತ್ತಿದೆ ಎಂದು ನನಗೆ ಒಳಗೊಳಗೇ ಖುಷಿ.

ಕೊನೆಗೆ ತ್ಯೂಬಿಂಗೆನ್. ನೆಕ್ಕಾರ್ ನದಿ, ಸಾಲು ಮರ, ಎಲ್ಲಿ ನೋಡಿದರೂ ವಿದ್ಯಾರ್ಥಿಗಳ ಸೈಕಲ್ಲು. 1906ರ ನವೆಂಬರ್ 3ರಂದು ಮನೋವೈದ್ಯರ ಸಭೆಯಲ್ಲಿ ಆಲ್‌ಝೈಮರ್ ಆಗುಸ್ಟೆಯ ಕಥೆ ಹೇಳಿ ಸ್ಲೈಡು ತೋರಿಸಿದ್ದು ಈ ಊರಿನಲ್ಲಿ. ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರಂತೆ. ಒಬ್ಬರೂ ಬಾಯಿ ಬಿಡಲಿಲ್ಲ. ಸಭೆ ಮುಂದಿನ ಭಾಷಣಕ್ಕೆ ಹೋಯಿತು.

‘ನೀವಿದ್ದಿದ್ರೆ ಏನು ಕೇಳ್ತಿದ್ರಿ ದೊಡ್ಡಮ್ಮ?’

ಸೇತುವೆಯ ಕಟ್ಟೆಗೆ ಒರಗಿ ಬೆರಳು ಮಡಚತೊಡಗಿದೆ. ಎಷ್ಟು ದಿನ ಫಾರ್ಮಾಲಿನ್‌ನಲ್ಲಿ ಇಟ್ಟಿರಿ? ಬೆಳ್ಳಿಯ ದ್ರಾವಣ ಎಷ್ಟು ಬಲದ್ದು? ಮಿದುಳಿನ ಯಾವ ಯಾವ ಭಾಗದಿಂದ ತುಣುಕು ತೆಗೆದಿರಿ, ಚಿಕ್ಕಮಿದುಳು ನೋಡಿದಿರಾ? ಇದೇ ವಯಸ್ಸಿನ, ಮರೆವಿಲ್ಲದ ಹೆಂಗಸಿನ ಮಿದುಳನ್ನೂ ಪಕ್ಕದಲ್ಲಿಟ್ಟು ನೋಡಿದಿರಾ? ಮತ್ತೆ, ಸ್ವಾಮಿ, ಆ ತೆಳು ಪದರ ಹೆರೆದವರು ಯಾರು, ಅವರ ಹೆಸರು ಬರೆದಿದ್ದೀರಾ?

‘ಅಷ್ಟೆಲ್ಲ ಕೇಳಿದ್ರೆ ಮಧ್ಯಾಹ್ನದ ಊಟ ತಡ ಆಗ್ತಿತ್ತು ಅವರಿಗೆ’ ಎಂದಳು ಹುಡುಗಿ.