ಬಿಸಿಲು ಬೇಡದ ಬಳ್ಳಿ

ಡೊಂಬಿವಲಿಯಲ್ಲಿ ಮನೆ ಕೊಳ್ಳುವವರು ಯಾರೂ ಬಿಸಿಲಿನ ವಿಚಾರ ಕೇಳುವುದಿಲ್ಲ. ಸ್ಟೇಷನ್ನಿಗೆ ನಡೆದರೆ ಎಷ್ಟು ಹೊತ್ತು, ನೀರು ದಿನಕ್ಕೆ ಎಷ್ಟು ಸಲ, ಲಿಫ್ಟ್ ಇದೆಯೋ ಇಲ್ಲವೋ, ಇಷ್ಟು ವಿಚಾರಿಸಿ ಸಹಿ ಹಾಕುತ್ತಾರೆ. ಸಾಮಾನು ಇಳಿಸಿದ ಮೇಲೆ ತಿಳಿಯುತ್ತದೆ: ಬಾಲ್ಕನಿ ಉತ್ತರಕ್ಕಿದೆ, ಎದುರಿಗೆ ಇನ್ನೊಂದು ಬಿಲ್ಡಿಂಗಿನ ಅಡುಗೆಮನೆ ಇದೆ, ಸೂರ್ಯ ಆ ಕಡೆಯವರ ಪಾಲು. ಊರಿನಿಂದ ತಂದ ಶಂಕರಪುರ ಮಲ್ಲಿಗೆ ಇಂಥಲ್ಲಿ ಮೊಗ್ಗು ಬಿಡುವುದಿಲ್ಲ. ತುಳಸಿ ಕಡ್ಡಿಯಾಗುತ್ತದೆ. ಆಮೇಲೆ ಕುಂಡಗಳಲ್ಲಿ ಬರಿಯ ಮಣ್ಣು ಉಳಿಯುತ್ತದೆ, ಬಾಲ್ಕನಿಗೆ ವಾಷಿಂಗ್ ಮೆಷಿನ್ ಬರುತ್ತದೆ. ಥಾಣೆ, ಕಲ್ಯಾಣ, ನವಿ ಮುಂಬಯಿಯ ನಮ್ಮವರ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಹಳೆಯ ನಾಲ್ಕು ಮಾಳಿಗೆಯ ಕಟ್ಟಡಗಳು ರಿಡೆವಲಪ್‌ಮೆಂಟಿಗೆ ಹೋಗಿ ಟವರ್ ಏಳುತ್ತಿರುವುದರಿಂದ ನೆರಳು ಇನ್ನೂ ದಟ್ಟವಾಗುವುದೇ ಹೊರತು ತೆಳುವಾಗುವುದಿಲ್ಲ.

ನನಗೆ ಆ ನೆರಳಿನ ಮೇಲೆ ಸಿಟ್ಟಿಲ್ಲ. ಅದನ್ನು ಬೇಡುವ ಗಿಡಗಳೂ ಇವೆ. ಇಂಗ್ಲೆಂಡಿನಲ್ಲಿರುವ ತಂಗಿಯ ಮಗಳು ಅವಳ ಮನೆಯ ಹಿಂಗೋಡೆಯ ಫೋಟೋ ಕಳಿಸಿದ್ದಳು. ಗೋಡೆ ತುಂಬ ಹಬ್ಬಿದ ಬಳ್ಳಿ ಹೈಡ್ರೇಂಜಿಯಾ, ಅಂಗೈ ಅಗಲದ ಬಿಳಿ ಹೂಗೊಂಚಲು. ಅದರ ತವರು ಜಪಾನ್, ಕೊರಿಯಾದ ಕಡೆ. ಹತ್ತಿರದ ನೆಂಟನೊಬ್ಬ ಹಿಮಾಲಯದಲ್ಲೂ ಇದ್ದಾನೆ. ಬಿಸಿಲು ಬೀಳದ ಉತ್ತರದ ಗೋಡೆಗೆ ಅಲ್ಲಿ ಅದನ್ನೇ ಹುಡುಕಿ ನೆಡುತ್ತಾರಂತೆ. ದಂಟಿನಿಂದ ಸಣ್ಣ ಬೇರು ಬಿಟ್ಟು ಇಟ್ಟಿಗೆಗೆ ಅಂಟಿಕೊಂಡು ಏರುತ್ತದೆ. ಮೊದಲ ಎರಡು ಮೂರು ವರ್ಷ ಏನೂ ಬೆಳೆಯದೆ ತಾಳ್ಮೆ ಪರೀಕ್ಷಿಸಿ, ಆಮೇಲೆ ಮಾಳಿಗೆ ಮುಟ್ಟುತ್ತದೆ. "ದೊಡ್ಡಮ್ಮ, ನೀನೂ ತರಿಸು" ಎಂದಳು. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುವ ಬಳ್ಳಿ ಅದು. ಪೊದೆಯ ಹೈಡ್ರೇಂಜಿಯಾ ಮಡಿಕೇರಿ, ಊಟಿಯಲ್ಲಿ ಚೆನ್ನಾಗಿಯೇ ಆಗುತ್ತದೆ, ನಿಜ. ಆದರೆ ಡೊಂಬಿವಲಿಯ ಮೇ ತಿಂಗಳಲ್ಲಿ ನಮಗೇ ನಿದ್ದೆ ಬರುವುದಿಲ್ಲ, ಅದಕ್ಕೆಲ್ಲಿಂದ ಬರಬೇಕು!

ಅದೇ ಗುಣದ ಬಳ್ಳಿ ನಮ್ಮಲ್ಲೇ ಇರುವಾಗ ತರಿಸುವ ದರ್ದು ಏನಿದೆ? ವೀಳ್ಯದೆಲೆ. ಅಡಿಕೆ ತೋಟದ ನೆರಳಲ್ಲಿ ಮರವನ್ನು ಅಪ್ಪಿಕೊಂಡು ಬೆಳೆಯುವುದು ಅದರ ಹುಟ್ಟುಗುಣ. ಬಾಲ್ಕನಿಯ ಅರೆಬೆಳಕು ಅದಕ್ಕೆ ಬೇಕಾದಷ್ಟಾಯಿತು. ನಮ್ಮ ಬಳ್ಳಿ ಉಡುಪಿಯಿಂದ ಒದ್ದೆ ಗೋಣಿಚೂರಿನಲ್ಲಿ ಸುತ್ತಿಸಿಕೊಂಡು ಮತ್ಸ್ಯಗಂಧ ರೈಲಿನಲ್ಲಿ ಬಂದದ್ದು; ಬೆಳಗಿನ ಜಾವ ಥಾಣೆಯಲ್ಲಿ ಇಳಿದು, ಲೋಕಲ್ ಹಿಡಿದು ಮನೆ ಸೇರಿತು. ಈ ಸೀಮೆಗೂ ಎಲೆಬಳ್ಳಿ ಹೊಸಬನಲ್ಲ. ವಸಯಿಯಲ್ಲಿ, ಪಾಲ್ಘರ್ ಕಡೆಯ ಕೆಳವೆ-ಮಾಹಿಮ್‌ನಲ್ಲಿ ಎಲೆತೋಟಗಳಿವೆ. ನಮ್ಮ ಮರಾಠಿ ನೆರೆಯವರು ನಾಗವೇಲ ಎಂದು ಕೈಮುಗಿಯುವ ಬಳ್ಳಿಯೇ ಇದು.

ಹತ್ತಿಸುವುದರಲ್ಲಿ ಒಂದು ಗುಟ್ಟಿದೆ. ಬಳ್ಳಿ ಎಂದರೆ ಎಲ್ಲವೂ ಒಂದೇ ಅಲ್ಲ. ಬಸಳೆ, ಮಲ್ಲಿಗೆ ಸುತ್ತಿಕೊಂಡು ಏರುತ್ತವೆ. ತೊಂಡೆ, ಹೀರೆ ಕುಡಿಬಳ್ಳಿ ಚಾಚಿ ಹಿಡಿಯುತ್ತವೆ. ಎಲೆಬಳ್ಳಿ ಮತ್ತು ಕಾಳುಮೆಣಸು ಹೈಡ್ರೇಂಜಿಯಾದ ಹಾಗೆ ಬೇರೂರಿ ಏರುವವು. ಪಾರಿವಾಳಕ್ಕೆಂದು ಕಟ್ಟಿದ ನೈಲಾನ್ ಬಲೆಯನ್ನು ಬಸಳೆ ಹತ್ತೀತು, ಎಲೆಬಳ್ಳಿ ಹತ್ತುವುದಿಲ್ಲ. ಅದಕ್ಕೆ ಒರಟಾದ, ತೇವ ಹಿಡಿಯುವ ಆಸರೆಯೇ ಬೇಕು. ಕುಂಡದ ನಡುವೆ ತೆಂಗಿನ ನಾರು ಸುತ್ತಿದ ಕಂಬ ನಿಲ್ಲಿಸಿ, ದಿನಾ ಬೆಳಿಗ್ಗೆ ಕಂಬಕ್ಕೇ ನೀರು ಚಿಮುಕಿಸಿ. ಹತ್ತಿರ ಹೋಗಿ ನೋಡಿದರೆ ಪ್ರತಿ ಗೆಣ್ಣಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿಯ ಬೇರಿನ ಮೊಳಕೆ ಕಾಣುತ್ತದೆ. ನಾರು ಒದ್ದೆಯಿದ್ದರೆ ಅದರೊಳಗೆ ಇಳಿಯುತ್ತದೆ. ಒಣಗಿದ್ದರೆ ಅಲ್ಲೇ ಕಂದಿ ನಿಲ್ಲುತ್ತದೆ, ಬಳ್ಳಿ ಜೋತುಬೀಳುತ್ತದೆ. ನೆಡಲು ಕೂಡ ಹೀಗೆ ಬೇರು ಬಿಟ್ಟು ಏರಿದ ದಂಟಿನ ತುಂಡೇ ಆಗಬೇಕು, ನಾಲ್ಕು ಗೆಣ್ಣಿನದು, ಎರಡು ಗೆಣ್ಣು ಮಣ್ಣಿನೊಳಗೆ. ಅಡ್ಡಕ್ಕೆ ಚಾಚಿದ ಟೊಂಗೆಗೆ ಆ ಬೇರಿರುವುದಿಲ್ಲ.

ಮಳೆಗಾಲದಲ್ಲಿ ನಾವು ಹೆಚ್ಚು ಅಕ್ಕರೆ ತೋರಿಸಬಾರದು. ಕುಂಡದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ, ಎಲೆಯ ಮೇಲೆ ಕಪ್ಪು ದುಂಡು ಕಲೆ ಏಳುತ್ತದೆ. ಒದ್ದೆ ಮಣ್ಣಿನ ಮೂಲಕ ಹರಡುವ ರೋಗ ಇದು. ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂದು ಹಿರಿಯರು ಗದರುತ್ತಿದ್ದುದು ಮಡಿಗೆಂದು ನಾನು ತಿಳಿದಿದ್ದೆ. ಹೊರಗಿನ ಕೆಸರು ಒಳಗೆ ಬಾರದಿರಲಿ ಎಂಬ ಜಾಣತನವೂ ಅದರಲ್ಲಿ ಸೇರಿಕೊಂಡಿರಬೇಕು. ತೋಟದವರು ಇದಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಬಾಯಿಗೆ ಹಾಕಿಕೊಳ್ಳುವ ಎಲೆ, ಬಾಲ್ಕನಿಯಲ್ಲಿ ಅದೆಲ್ಲ ಬೇಡ. ಕಲೆಬಿದ್ದ ಎಲೆ ಕಿತ್ತೆಸೆದು, ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ನೀರು ಹಾಕುವುದನ್ನು ನಿಲ್ಲಿಸಿದರೆ ಸಾಕು. ಬೇಸಿಗೆಯಲ್ಲಿ ಶತ್ರು ಬೇರೆ: ಏಸಿಯ ಹೊರಪೆಟ್ಟಿಗೆ. ಅದರ ಬಿಸಿಗಾಳಿಗೆ ಎಳೆಯ ಕುಡಿ ಒಂದೇ ರಾತ್ರಿಯಲ್ಲಿ ಹಪ್ಪಳವಾಗುತ್ತದೆ. ಇನ್ನು ಧೂಳು. 2020ರಲ್ಲಿ ಇಲ್ಲಿನ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ರಸ್ತೆಯೇ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಂಡವರು ನಾವು. ಎಲೆಯನ್ನು ಎರಡೂ ಬದಿ ತೊಳೆಯದೆ ಸುಣ್ಣ ಹಚ್ಚುವುದಿಲ್ಲ.

ಸೊಸೈಟಿಯಿಂದ ಒಮ್ಮೆ ನೋಟಿಸ್ ಬಂತು, ಬಳ್ಳಿಯಿಂದ ಗೋಡೆಗೆ ಲೀಕೇಜ್ ಆಗುತ್ತದೆ ಎಂದು. ಬಳ್ಳಿ ಕಂಬದ ಮೇಲಿದೆ, ಕಂಬ ಕುಂಡದಲ್ಲಿದೆ, ಗೋಡೆಗೂ ಅದಕ್ಕೂ ಒಂದು ಗೇಣು ಅಂತರವಿದೆ ಎಂದು ಕರೆದು ತೋರಿಸಿದೆ. ಒಪ್ಪಿದರೋ ಇಲ್ಲವೋ, ಜನವರಿ 26ರ ಸತ್ಯನಾರಾಯಣ ಪೂಜೆಗೆ ಅದೇ ಕಮಿಟಿಯವರು ವಾಚ್‌ಮನ್ ಕೈಯಲ್ಲಿ ತಟ್ಟೆ ಕಳಿಸಿದರು, ಎಲೆಗೆ. ಕೊಟ್ಟೆ. ಬಾಡಿದ ಪೇಟೆಯ ಎಲೆಗಿಂತ ನಮ್ಮದು ಚಿಕ್ಕದು, ಖಾರ ಹೆಚ್ಚು. "ಹೂ ಯಾವಾಗ ಬಿಡುತ್ತದೆ?" ಎಂದು ಕೇಳುವವರಿಗೆ ಮಾತ್ರ ಉತ್ತರ ಹೇಳಿ ಸಾಕಾಗಿದೆ. ಇದು ಹೂವಿನ ಬಳ್ಳಿಯಲ್ಲ. ಹಸಿರೇ ಇದರ ಶೃಂಗಾರ, ಅಷ್ಟಕ್ಕೆ ತೃಪ್ತಿಯಿಲ್ಲದವರು ಪ್ಲಾಸ್ಟಿಕ್ಕಿನದು ಕೊಳ್ಳಲಿ.

ಕತ್ತಲ ಬಾಲ್ಕನಿಯವರು ಇನ್ನೂ ಯಾರಾದರೂ ಇದ್ದರೆ ಮೊದಲ ಮಳೆ ಕಳೆದ ಮೇಲೆ ಬನ್ನಿ, ತುಂಡು ಕೊಡುತ್ತೇನೆ. ಕುಂಡ, ನಾರು ನಿಮ್ಮದೇ ಇರಲಿ. ಮಂಗಳವಾರ, ಶುಕ್ರವಾರ ಮಾತ್ರ ಬೇಡ. ಆ ದಿನ ಬಳ್ಳಿಗೆ ಕತ್ತರಿ ಹಾಕಲು ನಮ್ಮ ಅತ್ತೆಯವರು ಬಿಡುವುದಿಲ್ಲ.