ಸಿಗಡಿ ಗುಜರಿಗೆ ಹೋಗುವ ಮುನ್ನ

ಗ್ಯಾಸ್ ಬಂದ ಮೇಲೆ ಜತ್ತ ತಾಲೂಕಿನ ಉಮದಿ, ಸಂಖದಂಥ ನಮ್ಮ ಕನ್ನಡ ಊರುಗಳಲ್ಲಿ ಕಬ್ಬಿಣದ ಸಿಗಡಿ ಹಿತ್ತಲು ಸೇರಿತು. ಈಗ ಬದನೆಕಾಯಿ ಸುಡುವ ಆಸೆಯಾದರೆ ಅದರ ತುಂಬ ತುಕ್ಕು. ಹೊಸದು ತರೋಣವೇ?

ಮೊದಲು ಸ್ಕ್ರೂಡ್ರೈವರ್ ತುದಿಯಿಂದ ತಳವನ್ನು ಒತ್ತಿ ನೋಡಿ. ಒಳಗಿಳಿದರೆ ಗುಜರಿ, ಠಣ್ ಎಂದರೆ ಇನ್ನೂ ಜೀವವಿದೆ. ಮೇಲ್ಮೈ ತುಕ್ಕು ಹುಣಸೆಹುಳಿಗೆ ಸಡಿಲಾಗುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸಿದರೆ ಎಣ್ಣೆಯೇ ಗಟ್ಟಿ ಪದರವಾಗಿ ಕಬ್ಬಿಣವನ್ನು ಕಾಯುತ್ತದೆ. ಬ್ರಷ್ಷಿನ ತಂತಿ ಚೂರು ಉಳಿಯದಂತೆ ನೋಡಿಕೊಳ್ಳಿ, ಅದು ಹೊಟ್ಟೆಗೆ ಹೋದರೆ ಅಪಾಯ. ಜಾಲರಿ ಮಾತ್ರ ಸವೆದಿದ್ದರೆ ಅದನ್ನಷ್ಟೇ ಬದಲಿಸಿ. ಆದರೆ ಬೇಲಿಗೆ ಹಾಕುವ, ಸತುವು ಲೇಪಿಸಿದ ಜಾಲರಿ ಕೆಂಡದ ಮೇಲೆ ಬೇಡವೇ ಬೇಡ.

ಮಳೆಯೇ ಅಪರೂಪವಾದ ಈ ಬರದ ಸೀಮೆಯಲ್ಲೂ ಸಿಗಡಿ ತುಕ್ಕು ಹಿಡಿಯುವುದೇಕೆ? ಒಳಗೇ ಬಿಟ್ಟ ಬೂದಿ ತೇವ ಹೀರಿ ಹಿಡಿದಿಡುತ್ತದೆ. ತಳ ತಿನ್ನುವುದು ಅದೇ. ಆರಿದ ಕೂಡಲೇ ಬೂದಿ ಚೆಲ್ಲುವವರ ಸಿಗಡಿ ಮೊಮ್ಮಕ್ಕಳವರೆಗೂ ಬಾಳೀತು.

ಅಷ್ಟಾಗಿಯೂ ಹೊಸದೇ ಬೇಕೆಂದರೆ ಬಣ್ಣ, ಬೆಲೆ ನೋಡುವ ಮೊದಲು ಕೈಯಲ್ಲಿ ಎತ್ತಿ ತೂಕ ನೋಡಿ. ತಗಡು ತೆಳುವಾದಷ್ಟೂ ನೀವು ಮತ್ತೆ ಸಂತೆಗೆ ಹೋಗುವ ದಿನ ಹತ್ತಿರ.